ಅಡುಗೆಮನೆ ಕಿಟಕಿಯಾಚೆಯ ಬಾಣಂತನ

ಜನವರಿಯ ಒಂದು ಭಾನುವಾರ ಕತ್ತಲಿರುವಾಗಲೇ ಎದ್ದು, ಫ್ಲಾಸ್ಕಿಗೆ ಚಹಾ ತುಂಬಿಕೊಂಡು, ಮುಲುಂಡಿನಿಂದ ರಿಕ್ಷಾ ಹಿಡಿದು ಐರೋಲಿ ಸೇತುವೆ ದಾಟಿದೆ. ಥಾಣೆ ಖಾಡಿಯ ದಡದಲ್ಲಿ ದೋಣಿಗೆ ಕಾಯುತ್ತಿದ್ದವರೆಲ್ಲ ಫ್ಲೆಮಿಂಗೊ ನೋಡಲು ಬಂದವರು. ನಾನು ಬಂದದ್ದು ಬೇರೆ ಅತಿಥಿಗಾಗಿ. ಕೋಳಿ ಸಮುದಾಯದ ಮೀನುಗಾರರು ನೀರಿನಲ್ಲಿ ನೆಟ್ಟ ಕಂಬವೊಂದರ ತುದಿಯಲ್ಲಿ ಅದು ಕೂತಿತ್ತು. ಬಿಳಿ ತಲೆ, ಕಣ್ಣಿನಿಂದ ಕತ್ತಿನವರೆಗೆ ಕಾಡಿಗೆ ಎಳೆದಂಥ ಕಪ್ಪು ಪಟ್ಟಿ, ಕಾಲಡಿಯಲ್ಲಿ ಇನ್ನೂ ಮಿಸುಕುತ್ತಿದ್ದ ಮೀನು. ಆಸ್ಪ್ರೆ. ಕನ್ನಡದಲ್ಲಿ ಮೀನುಗಿಡುಗ ಅಂದರೆ ಸಾಕು, ಬೇರೆ ವಿವರಣೆಯೇ ಬೇಡ. ಮೀನು ಬಿಟ್ಟು ಬೇರೇನನ್ನೂ ಅದು ತಿನ್ನುವುದು ಇಲ್ಲವೆನ್ನುವಷ್ಟು ಅಪರೂಪ.

ಈ ಹಕ್ಕಿಯ ಕಾಲನ್ನು ಒಮ್ಮೆ ಚಿತ್ರದಲ್ಲಾದರೂ ಹತ್ತಿರದಿಂದ ನೋಡಬೇಕು. ಹೊರಬೆರಳನ್ನು ಹಿಂದಕ್ಕೆ ತಿರುಗಿಸಬಲ್ಲದು. ಆಗ ಮುಂದೆರಡು, ಹಿಂದೆರಡು ಬೆರಳಾಗಿ ಹಿಡಿತ ಇಕ್ಕಳದಂತಾಗುತ್ತದೆ. ಅಂಗಾಲಿನಲ್ಲಿ ತುರಿಮಣೆಯ ಹಲ್ಲಿನಂಥ ಮುಳ್ಳುಗಳಿವೆ, ಎಷ್ಟೇ ಲೋಳೆಯ ಮೀನಾದರೂ ಜಾರುವುದಿಲ್ಲ. ನೀರಿಗೆ ಬೀಳುವಾಗ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಹಿಡಿದ ಮೀನನ್ನು ಒಯ್ಯುವಾಗ ಅದರ ತಲೆ ಮುಂದಕ್ಕೆ ಬರುವಂತೆ ತಿರುಗಿಸಿಕೊಳ್ಳುತ್ತದೆ, ಗಾಳಿಯ ತಡೆ ಕಡಿಮೆಯಾಗಲಿ ಎಂದು. ಇಷ್ಟೆಲ್ಲ ಸಜ್ಜಾದ ಹಕ್ಕಿ ಮುಂಬಯಿಯಲ್ಲಿ ಒಂದು ಕೆಲಸ ಮಾತ್ರ ಮಾಡುವುದಿಲ್ಲ: ಸಂಸಾರ.

ಚಳಿಗಾಲಕ್ಕೆ ಉತ್ತರದಿಂದ ಬಂದು, ನಮ್ಮ ಖಾಡಿ-ಕೆರೆಗಳಲ್ಲಿ, ಕಬಿನಿಯ ಹಿನ್ನೀರಿನಲ್ಲಿ ಮೀನು ತಿಂದು, ಮಾರ್ಚ್-ಏಪ್ರಿಲ್ ಹೊತ್ತಿಗೆ ಗಂಟುಮೂಟೆ ಕಟ್ಟುತ್ತದೆ. ಮೊಟ್ಟೆ, ಮರಿ ಎಲ್ಲ ಆ ಕಡೆಯೇ. ಹುಟ್ಟಿದ ಸೀಮೆಗೇ ಮರಳಿ, ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸುವ ಹಟದ ಹಕ್ಕಿ ಅದು. ಮೊದಲ ಸಲ ದಕ್ಷಿಣಕ್ಕೆ ಬಂದ ಮರಿಗಳು ಮಾತ್ರ ಮುಂದಿನ ಬೇಸಿಗೆಯಲ್ಲಿ ಮರಳದೆ ಇಲ್ಲೇ ಉಳಿದುಬಿಡುತ್ತವೆ. ಹಾಗಾಗಿ ಮೇ ತಿಂಗಳಲ್ಲಿ ಖಾಡಿಯ ಮೇಲೆ ಮೀನುಗಿಡುಗ ಕಂಡರೆ ಅದು ಇನ್ನೂ ಮದುವೆಯ ವಯಸ್ಸಿಗೆ ಬಾರದ್ದು ಎಂದು ಧೈರ್ಯವಾಗಿ ಊಹಿಸಬಹುದು. ಇಲ್ಲೇ ಗೂಡು ಕಟ್ಟಿದರೆ ಏನು ಕಷ್ಟ ಎಂದು ನನ್ನಷ್ಟಕ್ಕೆ ನಾನು ಯೋಚಿಸಿದ್ದಿದೆ. ಉತ್ತರದ ಬೇಸಿಗೆಯಲ್ಲಿ ಹಗಲು ಉದ್ದ, ನೀರು ತಿಳಿ. ಅದೇ ತಿಂಗಳುಗಳಲ್ಲಿ ನಮ್ಮಲ್ಲಿ ಮಳೆ ಹಿಡಿದು ಖಾಡಿಯೆಲ್ಲ ರಾಡಿ. ಮೇಲಿನಿಂದ ಮೀನು ನೋಡಿ ಎರಗುವ ಹಕ್ಕಿ ಆ ಕೆಸರಿನಲ್ಲಿ ಮೂರು ಮರಿ ಸಾಕುವುದೆಂದರೆ ಹುಡುಗಾಟವಲ್ಲ.

ಅದರ ಸಂಸಾರ ನೋಡಲು ಜನ ಎಷ್ಟು ದೂರ ಹೋಗುತ್ತಾರೆ ಎನ್ನುವುದಕ್ಕೆ ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಕಥೆಯಿದೆ. ಬ್ರಿಟನ್ನಿನಲ್ಲಿ ಬೇಟೆಗಾರರಿಂದಲೂ ಮೊಟ್ಟೆ ಸಂಗ್ರಹದ ಹುಚ್ಚಿನವರಿಂದಲೂ ಮೀನುಗಿಡುಗದ ಸಂತತಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. 1950ರ ದಶಕದಲ್ಲಿ ಅಲ್ಲೊಂದು ಜೋಡಿ ಬಂದು ಗೂಡು ಕಟ್ಟಿತು. 1958ರಲ್ಲಿ ಕಾವಲಿದ್ದರೂ ರಾತ್ರಿ ಕಳ್ಳನೊಬ್ಬ ಮರ ಹತ್ತಿ, ಮೊಟ್ಟೆ ಕದ್ದು, ಬದಲಿಗೆ ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆ ಇಟ್ಟುಹೋದ. ಮರುವರ್ಷ ಹಕ್ಕಿ ಸಂರಕ್ಷಣಾ ಸಂಸ್ಥೆಯವರು ತಲೆ ಓಡಿಸಿದರು. ಗುಟ್ಟು ಮಾಡಿದ್ದರಿಂದಲೇ ಕಳ್ಳನಿಗೆ ಅನುಕೂಲವಾಯಿತು, ಎಲ್ಲರಿಗೂ ತೋರಿಸಿಬಿಡೋಣ ಎಂದು ದೂರದಲ್ಲಿ ದುರ್ಬೀನು ಇಟ್ಟು ಜನರನ್ನೇ ಕರೆದರು. ಆ ಬೇಸಿಗೆಯಲ್ಲಿ ಸುಮಾರು 14,000 ಮಂದಿ ಬಂದರು. ಗೂಡಿನಲ್ಲಿ ಮೂರು ಮರಿ ರೆಕ್ಕೆ ಬಲಿತು ಹಾರಿದವು. ಕಾವಲಿಗೆ ಸಂತೆಯನ್ನೇ ನಿಲ್ಲಿಸಿದ ಈ ಉಪಾಯ ನನಗೆ ತುಂಬ ಹಿಡಿಸಿದ್ದು.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಹತ್ತು ಗಂಟೆಗೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಹಿಡಿದಳು. “ರೀ, ಹಕ್ಕಿ ನೋಡೋಕೆ ಐರೋಲಿಗೆ ಹೋಗ್ಬೇಕಾ? ಕಟ್ಟೆ ಒರೆಸೋ ಬಟ್ಟೆ ಒಣಹಾಕಿದ್ದೆ, ಹದ್ದು ಎತ್ಕೊಂಡು ಹೋಯ್ತು. ಅಲ್ನೋಡಿ, ಮರದ ಮೇಲೆ.”

ನಮ್ಮದು ನಾಲ್ಕು ಮಹಡಿಯ ಹಳೇ ಸೊಸೈಟಿ. ಅಡುಗೆಮನೆಯ ಕಿಟಕಿಗೆ ಎದುರಾಗಿ ಒಂದು ದೊಡ್ಡ ರೇನ್ ಟ್ರೀ. ಅದರ ಕವಲಿನಲ್ಲಿ, ನಮ್ಮ ಕಣ್ಣಿನ ಮಟ್ಟಕ್ಕಿಂತ ತುಸುವೇ ಕೆಳಗೆ, ಒಂದು ಬುಟ್ಟಿಯಷ್ಟು ಕಸ. ಕಸವೆಂದೇ ನಾನು ಅದನ್ನು ಎರಡು ವಾರದಿಂದ ಭಾವಿಸಿದ್ದೆ. ದುರ್ಬೀನು ಹಚ್ಚಿ ನೋಡಿದರೆ ಕಡ್ಡಿಗಳ ನಡುವೆ ಕರೆಂಟಿನ ವಯರು, ನೀಲಿ ಟಾರ್ಪಾಲಿನ ಹಗ್ಗ, ಹಿಡಿಸೂಡಿಯ ಕಡ್ಡಿ, ಹಾಲಿನ ಥೈಲಿಯ ಚೂರು, ಎಲ್ಲದರ ಮೇಲೆ ಹಾಸಿದ ನಮ್ಮ ಮನೆಯ ಒರೆಸುಬಟ್ಟೆ.

ಹದ್ದು ಎಂದರೆ ನಮಗೆ ಮರ್ಯಾದೆ ಕಡಿಮೆ. ಇಟ್ಟಿಗೆ ಬಣ್ಣದ ರೆಕ್ಕೆ, ಬಿಳಿ ಎದೆಯ ಗರುಡ ತಲೆಯ ಮೇಲೆ ಸುತ್ತಿದರೆ ನಮ್ಮ ಕರಾವಳಿಯಲ್ಲಿ ಈಗಲೂ ಕೈಮುಗಿಯುತ್ತಾರೆ. ತೇರಿನ ಹೊತ್ತಿಗೆ ಗರುಡ ಕಾಣಿಸಿದರೆ ಸಂಭ್ರಮವೋ ಸಂಭ್ರಮ. ಕಂದು ಬಣ್ಣದ, ಬಾಲ ಕವಲೊಡೆದ ಸಾಮಾನ್ಯ ಹದ್ದು ಕಂಡರೆ ಕೋಳಿಮರಿ ಒಳಗೆ ಓಡಿಸು ಎನ್ನುವುದೇ ಮೊದಲ ಮಾತು. ತಮಾಷೆಯೆಂದರೆ, ಶಾಸ್ತ್ರೀಯ ಹೆಸರಿನಲ್ಲಿ ದೇವರು ಸಿಕ್ಕಿದ್ದು ಇದಕ್ಕೆ. ಮುಂಬಯಿ ಸರಕಾರದ ಕೆಲಸದಲ್ಲಿದ್ದು ದಖ್ಖನಿನ ಹಕ್ಕಿಗಳ ಪಟ್ಟಿ ಮಾಡಿದ ವಿಲಿಯಂ ಸೈಕ್ಸ್ ಎಂಬ ಸೇನಾಧಿಕಾರಿ 1832ರಲ್ಲಿ ನಮ್ಮ ಈ ಹದ್ದಿಗೆ ಇಟ್ಟ ಹೆಸರು ‘ಗೋವಿಂದ’. ಇವತ್ತಿಗೂ ಅದು ಮಿಲ್ವಸ್ ಮೈಗ್ರನ್ಸ್ ಗೋವಿಂದ. ಮುಂಬಯಿಗರು ಕರೆಯುವುದು ಘಾರ್ ಎಂದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರಲ್ಲಿ ಕಟ್ಟಿದ ಎಂಟು ಜನರಲ್ಲಿ ಒಬ್ಬನಾದ ಇ. ಎಚ್. ಐಟ್ಕನ್ ಸುಂಕದ ಇಲಾಖೆಯವನಾಗಿ ಉತ್ತರ ಕನ್ನಡದಲ್ಲೂ ಇದ್ದವನು. ಅವನು ಈ ಶಹರದ ಸಾಮಾನ್ಯ ಹಕ್ಕಿಗಳ ಬಗ್ಗೆಯೇ 1900ರಲ್ಲಿ ಒಂದು ಪುಸ್ತಕ ತಂದ. ಅಂದರೆ ಕಿಟಕಿಯಿಂದ ಕಾಣುವುದನ್ನು ನೋಡುವ ಚಾಳಿ ಮುಂಬಯಿಯಲ್ಲಿ ನೂರಿಪ್ಪತ್ತು ವರ್ಷಕ್ಕೂ ಹಳೆಯದು. ಮರೆತಿದ್ದವನು ನಾನು.

ಹಾಲಿನ ಥೈಲಿಯ ಚೂರು ಸುಮ್ಮನೆ ಬಂದು ಸೇರಿದ್ದಲ್ಲ. ಸ್ಪೇನಿನ ದೊನ್ಯಾನಾ ಪ್ರದೇಶದಲ್ಲಿ ಇದೇ ಜಾತಿಯ ಹದ್ದುಗಳನ್ನು ವರ್ಷಗಟ್ಟಲೆ ನೋಡಿದ ಫಾಬ್ರಿಟ್ಸಿಯೊ ಸೆರ್ಜಿಯೊ ಮತ್ತು ಸಂಗಡಿಗರು 2011ರಲ್ಲಿ ಒಂದು ಸೊಗಸಾದ ವಿಷಯ ಪ್ರಕಟಿಸಿದರು. ಮೊಟ್ಟೆಯಿಡುವ ಕೆಲವು ವಾರ ಮುಂಚೆ ಹದ್ದುಗಳು ಗೂಡಿಗೆ ಪ್ಲಾಸ್ಟಿಕ್ ತರುತ್ತವೆ, ಅದರಲ್ಲೂ ಬಿಳಿಯದನ್ನೇ ಆರಿಸುತ್ತವೆ. ಪ್ರಾಯದ, ಗಟ್ಟಿಮುಟ್ಟಾದ ಜೋಡಿಗಳ ಗೂಡಿನಲ್ಲಿ ಪ್ಲಾಸ್ಟಿಕ್ ಜಾಸ್ತಿ. ತೀರ ಎಳೆಯ ಹಾಗೂ ಮುದಿ ಜೋಡಿಗಳ ಗೂಡಿನಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಇದು ನಮ್ಮ ಜಾಗ, ಒಳಗೆ ಬಂದರೆ ನೋಡಿಕೊಳ್ಳುತ್ತೇವೆ ಎಂಬ ಬೋರ್ಡು ಅದು. ಸಂಶೋಧಕರು ಬಡಪಾಯಿ ಜೋಡಿಗಳ ಗೂಡಿಗೆ ತಾವೇ ಪ್ಲಾಸ್ಟಿಕ್ ಸೇರಿಸಿ ನೋಡಿದಾಗ, ಆ ಹಕ್ಕಿಗಳು ಅದನ್ನು ಎತ್ತಿ ಹೊರಗೆಸೆದವಂತೆ. ಇಲ್ಲದ ಜಂಬ ತೋರಿಸಿದರೆ ನಿಜವಾದ ಪೈಲ್ವಾನರು ಪರೀಕ್ಷೆಗೆ ಬರುತ್ತಾರೆಂಬುದು ಅವಕ್ಕೆ ಗೊತ್ತು. ನಮ್ಮ ಮರದ ಜೋಡಿಯ ಗೂಡಿನಂಚಿನಲ್ಲಿ ನಾನು ಎಣಿಸಿದ ಬಿಳಿ ಚೂರುಗಳು ಒಂಬತ್ತು. ನೆರೆಯ ಹದ್ದುಗಳು ಎಣಿಸಿದವೋ ಏನೋ, ಆ ಕವಲಿನತ್ತ ಬೇರೆ ಯಾವುದೂ ಸುಳಿಯಲಿಲ್ಲ.

ಜನವರಿಯ ಕೊನೆಯಲ್ಲಿ ಹೆಣ್ಣು ಗೂಡು ಬಿಟ್ಟು ಏಳುವುದು ಕಡಿಮೆಯಾಯಿತು. ಅಮ್ಮನಿಗೆ ಎಂಬತ್ತೊಂದು, ಕಣ್ಣು ಚುರುಕು. ಕಿಟಕಿಯ ಬಳಿ ಕೂತು ತೊಗರಿಬೇಳೆ ಆರಿಸುತ್ತ ತೀರ್ಪು ಕೊಟ್ಟರು: “ಅದು ಮೊಟ್ಟೆ ಇಟ್ಟಿದೆ. ಇನ್ನೊಂದು ತಿಂಗ್ಳು ಅದಕ್ಕೆ ತೊಂದ್ರೆ ಕೊಡ್ಬೇಡಿ.” ತಿಂಗಳ ಲೆಕ್ಕ ಸರಿಯಾಗಿಯೇ ಇತ್ತು. ಹದ್ದಿನ ಮೊಟ್ಟೆಗೆ ಸುಮಾರು ಒಂದು ತಿಂಗಳ ಕಾವು ಬೇಕು. ಮೀನುಗಿಡುಗಕ್ಕೆ ಇನ್ನೊಂದು ವಾರ ಹೆಚ್ಚು. ಎರಡರಲ್ಲೂ ಹೆಣ್ಣು ಗಂಡಿಗಿಂತ ದೊಡ್ಡದು, ಹೆಚ್ಚಿನ ಕಾವು ಅದರದ್ದೇ. ರೇಶನ್ನು ತರುವುದು ಗಂಡಿನ ಪಾಲು. ಅಂದಿನಿಂದ ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಶುರುವಾಯಿತು: ಗಂಡು ಎಷ್ಟು ಸಲ ಬಂತು, ಏನು ತಂತು.

ಆ ಪಟ್ಟಿಯಲ್ಲಿ ಈ ಶಹರದ ಊಟದ ಮೆನುವೇ ಇದೆ. ಕೋಳಿ ಅಂಗಡಿಯ ಚರ್ಮ ಮತ್ತು ಕರುಳು. ಬೋಂಬಿಲ್ ಮೀನು. ಇಲಿ, ಬಾಲಸಹಿತ. ಪಾರಿವಾಳದ ಮರಿ. ಒಂದು ದಿನ ಓತಿಕೇತ. ಒಂದು ದಿನ ಏನೋ ಹೊಳೆಯುವ ಪೊಟ್ಟಣ. ಬಿಚ್ಚಿ ನೋಡಿ, ಒಳಗೇನೂ ಇಲ್ಲದ್ದರಿಂದ ಗೂಡಿಗೇ ಸೇರಿಸಿತು. ದೇವನಾರ್‌ನ ಕಸದ ಗುಡ್ಡದ ಮೇಲೆ, ಸಸೂನ್ ಡಾಕಿನ ಮೀನು ಹರಾಜಿನ ಮೇಲೆ ಹದ್ದುಗಳು ಯಾಕೆ ಗಿರಕಿ ಹೊಡೆಯುತ್ತವೆಂದು ಕೇಳುವವರಿಗೆ ಈ ಪಟ್ಟಿ ತೋರಿಸಿದರೆ ಸಾಕು. ರಣಹದ್ದುಗಳಿದ್ದ ಕಾಲದಲ್ಲಿ ಅವುಗಳ ಜತೆ ಹಂಚಿಕೊಳ್ಳುತ್ತಿದ್ದ ಕೆಲಸವಿದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ರಣಹದ್ದುಗಳನ್ನು ಗುಡಿಸಿಹಾಕಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಶವಗಳನ್ನು ರಣಹದ್ದುಗಳಿಗೆ ಬಿಡುತ್ತಿದ್ದ ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಪಾರ್ಸಿಗಳು ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಫಲಕಗಳ ಮೊರೆ ಹೋಗಬೇಕಾಗಿ ಬಂತು. ಹದ್ದು, ಕಾಗೆಗಳು ಅಲ್ಲಿ ಈಗಲೂ ಬರುತ್ತವೆ, ಆದರೆ ರಣಹದ್ದಿನ ಹೊಟ್ಟೆ ಅವಕ್ಕಿಲ್ಲ.

ಮಾರ್ಚ್ 3ರಂದು ಗೂಡಿನಂಚಿನಲ್ಲಿ ಮೊದಲ ತಲೆ ಕಂಡಿತು. ಹತ್ತಿಯಂಥ ಕಂದು ಜುಂಗು, ಅದರೊಳಗೆ ಎರಡು ಕಪ್ಪು ಕಣ್ಣು. ಎರಡು ದಿನ ಬಿಟ್ಟು ಇನ್ನೊಂದು. ಕೋಳಿಯಾದರೆ ಮೊಟ್ಟೆಯೆಲ್ಲ ಇಟ್ಟು ಮುಗಿಸಿ ಕಾವಿಗೆ ಕೂರುತ್ತದೆ, ಮರಿಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಹದ್ದು, ಗಿಡುಗಗಳ ಕ್ರಮವೇ ಬೇರೆ. ಮೊದಲ ಮೊಟ್ಟೆಯಿಂದಲೇ ಕಾವು ಶುರು, ಹಾಗಾಗಿ ಮರಿಗಳಲ್ಲಿ ಅಣ್ಣ-ತಮ್ಮ ಎಂಬ ಭೇದ ಹುಟ್ಟಿನಲ್ಲೇ ಬರುತ್ತದೆ. ಎರಡು ದಿನದ ಅಂತರ ಎಂದರೆ ಆ ವಯಸ್ಸಿನಲ್ಲಿ ಅಣ್ಣ ತಮ್ಮನ ಒಂದೂವರೆಯಷ್ಟು. ಊಟ ಬಂದಾಗ ದೊಡ್ಡದು ಕತ್ತು ಚಾಚಿ ಮುಂದೆ. ಚಿಕ್ಕದು ಹತ್ತಿರ ಬಂದರೆ ತಲೆಗೆ ಕುಕ್ಕು. ತಾಯಿ ಬಿಡಿಸುವುದಿಲ್ಲ. ಕೊಕ್ಕಿನಲ್ಲಿ ಎಳ್ಳಿನಷ್ಟು ಮಾಂಸ ಹರಿದು, ತಲೆ ಓರೆ ಮಾಡಿ, ಬಾಯಿ ತೆರೆದು ಎದುರಿದ್ದವನಿಗೆ ಕೊಡುತ್ತದೆ. ಎದುರಿರುವವನು ಯಾವಾಗಲೂ ದೊಡ್ಡವನೇ. ಅವನ ಗಂಟಲ ಚೀಲ ಉಬ್ಬಿ ಅವನು ತೂಕಡಿಸಿದ ಮೇಲೆ ಚಿಕ್ಕದಕ್ಕೆ ಸರದಿ. ಗಂಡು ಸಾಕಷ್ಟು ತಂದ ದಿನ ಇಬ್ಬರಿಗೂ ಹೊಟ್ಟೆ ತುಂಬುತ್ತದೆ, ತಾರದ ದಿನ ಚಿಕ್ಕದಕ್ಕೆ ಉಪವಾಸ. ಕ್ರೂರವೇ. ಆದರೆ ಬರಗಾಲದಲ್ಲಿ ಇಬ್ಬರೂ ಅರೆಹೊಟ್ಟೆಯಲ್ಲಿ ಸಾಯುವ ಬದಲು ಒಬ್ಬನಾದರೂ ಉಳಿಯಲಿ ಎಂಬ ಲೆಕ್ಕ ಇದರೊಳಗಿದೆ. ಮೀನುಗಿಡುಗದ ಗೂಡಿನಲ್ಲೂ ಇದೇ ಕಾನೂನು. ಅಮ್ಮನಿಗೆ ಈ ವಿವರಣೆ ಒಂದಿಷ್ಟೂ ಒಪ್ಪಿಗೆಯಾಗಲಿಲ್ಲ. “ಆ ಗಂಡಿಗೆ ಇನ್ನೊಂದು ರೌಂಡ್ ಹೋಗ್ಲಿಕ್ಕೆ ಏನು ಧಾಡಿ?” ಎಂದರು.

ಮಾರ್ಚ್ ಮಧ್ಯದ ಮಧ್ಯಾಹ್ನಗಳಲ್ಲಿ ನಾನು ಕಂಡದ್ದನ್ನು ಮರೆಯಲಾರೆ. ಬಿಸಿಲು ನೆತ್ತಿಗೆ ಬಂದಾಗ ತಾಯಿ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ರೆಕ್ಕೆಗಳನ್ನು ಪೂರ್ತಿ ಬಿಚ್ಚದೆ, ಅರ್ಧ ಇಳಿಬಿಟ್ಟು, ಎರಡೂ ಮರಿ ತನ್ನ ನೆರಳಿನೊಳಗೆ ಬರುವಂತೆ. ನೆರಳು ಜರುಗಿದಂತೆ ಅದೂ ಒಂದೊಂದು ಹೆಜ್ಜೆ ಜರುಗುತ್ತಿತ್ತು. ಹಕ್ಕಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ದುರ್ಬೀನಿನಲ್ಲಿ ಅದರ ನಾಲಗೆ ನಡುಗುವುದು ಕಾಣುತ್ತಿತ್ತು. ಹನ್ನೆರಡರಿಂದ ಮೂರೂಕಾಲು ಗಂಟೆವರೆಗೆ ಹಾಗೇ ನಿಂತ ದಿನವೂ ಕ್ಯಾಲೆಂಡರಿನಲ್ಲಿದೆ. ಮರಿಗಳ ಒಂದು ಶಿಸ್ತನ್ನೂ ಹೇಳಬೇಕು. ವಾರ ತುಂಬಿದ್ದೇ ಅವು ಹಿಂದಕ್ಕೆ ತೆವಳಿ, ಗೂಡಿನ ಅಂಚಿಗೆ ಬಂದು, ಬಾಲ ಎತ್ತಿ ಹೊರಕ್ಕೆ ಪಿಚಕಾರಿ ಹೊಡೆಯುತ್ತವೆ. ಗೂಡು ಚೊಕ್ಕಟ. ಕೆಳಗೆ ಪಾರ್ಕ್ ಮಾಡಿದ ಕಾರಿನ ಮಾಲೀಕರಿಗೆ ಈ ಶಿಸ್ತು ಹಿಡಿಸಲಿಲ್ಲ.

ಅಸಲಿ ರಾದ್ಧಾಂತ ಆದದ್ದು ಸಂಡಿಗೆಯಿಂದ. ಬೇಸಿಗೆ ಬಂತೆಂದರೆ ನಮ್ಮ ಕಟ್ಟಡದ ಕನ್ನಡದವರ, ಗುಜರಾತಿಗಳ, ತಮಿಳರ ಸಂಡಿಗೆ-ಹಪ್ಪಳ-ಖೀಚಿಯಾ ಎಲ್ಲ ತಾರಸಿಯ ಮೇಲೆ. ಹೆಂಡತಿ ಹಳೇ ಸೀರೆ ಹಾಸಿ ಅರಳುಸಂಡಿಗೆ ಇಡುತ್ತಿದ್ದಾಗ ಹಿಂದಿನಿಂದ ಬಂದ ಹದ್ದು ತಲೆಗೆ ಬಡಿದು ಹೋಯಿತು. ಉಗುರಿನ ಗೆರೆ, ಎರಡು ಹನಿ ರಕ್ತ. ಮರುದಿನ ಮೂರನೇ ಮಹಡಿಯ ಕಾಕಾ ಅವರ ಟೋಪಿ ಹೋಯಿತು. ಆ ಸಂಜೆಯೇ ಸೊಸೈಟಿಯ ಮೀಟಿಂಗು. ಗೂಡು ತೆಗೆಸಿಬಿಡೋಣ ಎಂದು ಸೆಕ್ರೆಟರಿ.

ನಾನು ಓದಿದ್ದನ್ನೆಲ್ಲ ಅಲ್ಲಿ ಸುರಿದೆ. ಮರಿ ಇರುವ ವಾರಗಳಲ್ಲಷ್ಟೇ ಹದ್ದು ಮನುಷ್ಯರ ಮೇಲೆ ಎರಗುತ್ತದೆ. ಹಾರಲು ಕಲಿತ ಮೇಲೆ ಈ ಸಿಟ್ಟು ತಾನಾಗಿ ಇಳಿಯುತ್ತದೆ. ದೆಹಲಿಯಲ್ಲಿ ನಿಶಾಂತ್ ಕುಮಾರ್ ಮತ್ತು ಸಂಗಡಿಗರು ಈ ಬಗ್ಗೆಯೇ ಅಧ್ಯಯನ ಮಾಡಿ 2019ರಲ್ಲಿ ಬರೆದಿದ್ದಾರೆ: ಬೀದಿಯಲ್ಲಿ ಕಸ ಹೆಚ್ಚಿರುವಲ್ಲಿ, ಪುಣ್ಯಕ್ಕೆಂದು ಜನ ಮಾಂಸದ ತುಂಡು ಎಸೆಯುವಲ್ಲಿ ಹದ್ದುಗಳು ಮನುಷ್ಯನ ಹತ್ತಿರಕ್ಕೆ ಪಳಗಿ, ಭಯ ಬಿಟ್ಟು, ಗೂಡು ಕಾಯುವಾಗ ಹೆಚ್ಚು ಮೈಮೇಲೆ ಬರುತ್ತವೆ. ಅಂದರೆ ನಾವು ಹಾಕಿದ ಅನ್ನದ ಸಲಿಗೆ ಅದು. ಮೇಲಾಗಿ 1972ರ ವನ್ಯಜೀವಿ ಕಾಯ್ದೆ ಇದೆ, ಮರಿಯಿರುವ ಗೂಡು ಕೀಳುವುದು ಅಪರಾಧ. ಕಾಯ್ದೆಯ ಮಾತು ಯಾರ ಕಿವಿಗೂ ಹೋಗಲಿಲ್ಲ. ತಲೆಗೆ ಬ್ಯಾಂಡೇಜ್ ಹಾಕಿಕೊಂಡಿದ್ದ ನನ್ನ ಹೆಂಡತಿ ಎದ್ದು, “ಬಾಣಂತಿ ಇರೋ ಮನೆಗೆ ಹೇಳದೆ ಕೇಳದೆ ಹೋದ್ರೆ ಯಾರೇ ಆದ್ರೂ ಬೈತಾರೆ. ಏಪ್ರಿಲ್ ಮುಗಿಯೋವರೆಗೆ ತಾರಸಿಗೆ ಬೀಗ ಹಾಕಿ,” ಎಂದು ಹಿಂದಿಯಲ್ಲಿ ಹೇಳಿದಳು. ಬೀಗ ಬಿತ್ತು. ಆ ವರ್ಷದ ಸಂಡಿಗೆ ಬಾಲ್ಕನಿಯಲ್ಲಿ ಒಣಗಿ, ಸ್ವಲ್ಪ ಮುಗ್ಗಲು ಹಿಡಿಯಿತು.

ಏಪ್ರಿಲ್ ಎರಡನೇ ವಾರ. ಜುಂಗು ಉದುರಿ, ಮರಿಗಳ ಮೈಮೇಲೆ ಬಿಳಿ ಚುಕ್ಕೆಯ ಕಂದು ಗರಿ ಬಂದಿತ್ತು. ಇಬ್ಬರೂ ಉಳಿದಿದ್ದರು. ದೊಡ್ಡವನು ಗೂಡಿನಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತ ಒಂದಡಿ ಮೇಲೇಳುವುದು, ಕೂರುವುದು, ಪಕ್ಕದ ಕೊಂಬೆಗೆ ಜಿಗಿಯುವುದು. ಚಿಕ್ಕದು ಮಾತ್ರ ಎದ್ದರೂ ಎಡಗಾಲು ಏಳುತ್ತಿರಲಿಲ್ಲ. ದುರ್ಬೀನಿನಲ್ಲಿ ಬೆಳಕು ಬಿದ್ದಾಗ ಕಂಡಿತು: ಕಣಕಾಲಿಗೆ ಸುತ್ತಿಕೊಂಡ ಹಸಿರು ನೈಲಾನ್ ದಾರ. ಸಂಕ್ರಾಂತಿಯ ಗಾಳಿಪಟದ ಮಾಂಜಾ. ನೈಲಾನ್ ಮಾಂಜಾವನ್ನು 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿದೆ, ಜನವರಿಯಲ್ಲಿ ಅದು ಸಿಗದ ಓಣಿ ನಾನು ಕಂಡಿಲ್ಲ. ರೆಕ್ಕೆ ಸೀಳಿಸಿಕೊಂಡ ಹಕ್ಕಿಗಳಿಗೆ ಪರೇಲಿನ ಬಾಯಿ ಸಕರಬಾಯಿ ಪ್ರಾಣಿ ಆಸ್ಪತ್ರೆ ಸಂಕ್ರಾಂತಿಯ ವಾರದಲ್ಲಿ ಹೊಲಿಗೆ ಹಾಕುತ್ತಲೇ ಇರುತ್ತದೆ. ನಮ್ಮ ಹದ್ದು ಆ ದಾರವನ್ನು ಮೆತ್ತಗಿದೆಯೆಂದು ಗೂಡಿಗೆ ಹಾಸಿತ್ತು.

ಹಕ್ಕಿ ಬಿಡಿಸುವ ಇಬ್ಬರು ಹುಡುಗರು ಬಂದರು. ತಲೆಗೆ ಬೈಕಿನ ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಜೇಬಿನಲ್ಲಿ ಹೊಲಿಗೆಯ ಕತ್ತರಿ. ಒಬ್ಬ ಮೇಲೇರುತ್ತಿದ್ದಂತೆ ಅಪ್ಪ-ಅಮ್ಮ ಎರಡೂ ಕೀರಿಡುತ್ತ ಇಳಿದವು. ಹೆಲ್ಮೆಟ್ಟಿಗೆ ಉಗುರು ಬಡಿದ ಟಕ್ ಸದ್ದು ನಮ್ಮ ಅಡುಗೆಮನೆಗೆ ಕೇಳಿತು. ಅವನು ಮರಿಯ ತಲೆಗೆ ಕರವಸ್ತ್ರ ಹೊದೆಸಿದ. ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆ. ಎಂಟು ಹತ್ತು ಸುತ್ತು ಕತ್ತರಿಸಿ, ಕಾಲನ್ನು ಬೆರಳಲ್ಲಿ ಉಜ್ಜಿ, ಗೂಡಿನಲ್ಲಿದ್ದ ಉಳಿದ ದಾರವನ್ನೂ ಎಳೆದುಕೊಂಡು ಇಳಿದ. ಒಟ್ಟು ಹನ್ನೊಂದು ನಿಮಿಷ. ಚಹಾ ಕುಡಿಯುವಾಗ ಆ ಹುಡುಗ ಹೇಳಿದ್ದು: ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಡುತ್ತದೆ ಎನ್ನುವುದು ಸುಳ್ಳು, ಮೊಟ್ಟೆಯ ಕಾಲದಲ್ಲಿ ಕಾಟ ಕೊಟ್ಟರೆ ಬಿಟ್ಟುಹೋಗಬಹುದು, ಇಷ್ಟು ದೊಡ್ಡ ಮರಿಯನ್ನು ಬಿಡುವುದಿಲ್ಲ. ಅವನು ಲೋಟ ಕೆಳಗಿಡುವ ಮೊದಲೇ ಹೆಣ್ಣು ಗೂಡಿಗೆ ಇಳಿದಿತ್ತು.

ಅದೇ ವಾರ ಮಳೆಗಾಲದ ಮುಂಚಿನ ಕೊಂಬೆ ಕಡಿಯುವ ಲಾರಿ ನಮ್ಮ ಓಣಿಗೆ ಬಂತು. ಈ ಶಹರದಲ್ಲಿ ಮರ ಸವರುವ ಕಾಲವೂ ಹದ್ದುಗಳ ಮರಿ ಬಲಿಯುವ ಕಾಲವೂ ಒಂದೇ. ಸೆಕ್ರೆಟರಿಯೇ ಗೇಟಿನಲ್ಲಿ ನಿಂತು, ಈ ಮರ ಮೇ ತಿಂಗಳಲ್ಲಿ ನೋಡೋಣ ಎಂದು ವಾಪಸು ಕಳಿಸಿದರು. ಅವರ ಮೇಲಿದ್ದ ನನ್ನ ಹಳೇ ಸಿಟ್ಟು ಅಂದು ಇಳಿಯಿತು.

ದೊಡ್ಡವನು ಏಪ್ರಿಲ್ 19ಕ್ಕೆ ಹಾರಿದ, ಹಾರಿದ ಎನ್ನುವುದಕ್ಕಿಂತ ಎದುರು ಕಟ್ಟಡದ ಡಿಶ್ ಆಂಟೆನಾಕ್ಕೆ ಬಿದ್ದ. ಚಿಕ್ಕದು ಆರು ದಿನ ತಡ. ಆಮೇಲೂ ಮೂರು ವಾರ ಊಟಕ್ಕೆ ಗೂಡಿಗೇ ಬರುತ್ತಿದ್ದವು, ಅಳುವ ಮಕ್ಕಳಂತೆ ಎಳೆದೆಳೆದು ಕೂಗುತ್ತ. ಐರೋಲಿಯ ಕಂಬದ ಮೇಲಿನ ಮೀನುಗಿಡುಗ ಅಷ್ಟರಲ್ಲಿ ಹೋಗಿ ಎಷ್ಟೋ ದಿನವಾಗಿತ್ತು. ಮಳೆ ಜೋರಾಗುವ ಸೀಮೆಯಿಂದ ಹದ್ದುಗಳೂ ಒಣ ಪ್ರದೇಶಕ್ಕೆ ಸರಿಯುತ್ತವೆಂದು ಇದೇ ಮುಂಬಯಿಯಲ್ಲಿ ಹುಟ್ಟಿದ ಸಲೀಂ ಅಲಿ ಬರೆದಿಟ್ಟಿದ್ದಾರೆ. ಜೂನ್ ಹತ್ತರ ಮಳೆಯ ಮರುದಿನ ನಮ್ಮ ಜೋಡಿಯೂ ಕಾಣಲಿಲ್ಲ.

ಈಗ ಖಾಲಿ ಗೂಡಿನ ಮೇಲೆ ಕಾಗೆಯೊಂದರ ಕಣ್ಣು. ಅದರದ್ದು ಗೂಡು ಕಟ್ಟುವ ಕಾಲ. ಬೆಳಿಗ್ಗೆ ಬಂದು ವಯರನ್ನು ಎಳೆದು ನೋಡಿತು, ಬರಲಿಲ್ಲ. ಕಾಲು ಊರಿ, ಕತ್ತು ತಿರುಚಿ, ಇನ್ನೊಂದನ್ನು ಎಳೆಯಿತು. ಒದ್ದೆಯಾಗಿ ಬಣ್ಣಗೆಟ್ಟ ಬಟ್ಟೆಯ ಪಟ್ಟಿ ಉದ್ದಕ್ಕೆ ಹೊರಬಂತು. ಹೆಂಡತಿ ದೋಸೆ ಮಗುಚುತ್ತಲೇ ಕಿಟಕಿಯತ್ತ ನೋಡಿದಳು.

“ಆರು ತಿಂಗ್ಳಾಯ್ತು,” ಎಂದಳು, “ಇನ್ನೂ ಎಷ್ಟು ಗಟ್ಟಿ ಇದೆ ನೋಡಿ.”